ಕಾಯಿನ್ ಹಾಕಿ ಆಡುತ್ತಿದ್ದ ವಿಡಿಯೋ ಗೇಮ್ ಅಂಗಡಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಆರ್ಕೇಡ್ ಯಂತ್ರಗಳನ್ನು ಹುಡುಕಿ ತಂದು ರಿಪೇರಿ ಮಾಡುವುದು ಹಲವು ವರ್ಷಗಳಿಂದ ನನ್ನ ಬಿಡುವಿನ ವೇಳೆಯ ಕೆಲಸ. ಅದನ್ನು ತಿಳಿದವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಕೆಲವರು ಆ ಅಂಗಡಿಗಳಲ್ಲಿ ನಿಂತು ಆಡಿದವರು; ಕೆಲವರು ಅಪ್ಪನ ಬಾಯಲ್ಲೋ ಸೋದರಮಾವನ ಬಾಯಲ್ಲೋ ಕೇಳಿ ಬಂದವರು. ಇಬ್ಬರಿಗೂ ಕೊಡುತ್ತಾ ಬಂದ ಉತ್ತರಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ.

ಆರ್ಕೇಡ್ ಎಂದರೆ ಯಾವುದು? ನಮ್ಮೂರಿನ ವಿಡಿಯೋ ಗೇಮ್ ಅಂಗಡಿಯನ್ನೂ ಹಾಗೆ ಕರೆಯಬಹುದೇ?

ಧಾರಾಳವಾಗಿ ಕರೆಯಬಹುದು. ಒಂದು ಕಾಯಿನ್‌ಗೆ ಒಂದು ಆಟ ಎಂಬ ಲೆಕ್ಕದ ಯಂತ್ರಗಳನ್ನು ಸಾಲಾಗಿ ಇಟ್ಟು, ಬಂದವರಿಗೆಲ್ಲ ಆಡಲು ಬಿಡುವ ಜಾಗವೇ ಆರ್ಕೇಡ್. ಅಮೆರಿಕದಲ್ಲಿ ಅದು ಮಾಲ್‌ನೊಳಗಿನ ದೊಡ್ಡ ಹಜಾರವಾಗಿತ್ತು. ಜಪಾನಿನಲ್ಲಿ ಐದಾರು ಅಂತಸ್ತಿನ ಕಟ್ಟಡಗಳೇ ಇದ್ದವು. ಅಲ್ಲಿನವರು ಗೇಮ್ ಸೆಂಟರ್ ಎನ್ನುತ್ತಾರೆ. ನಮ್ಮಲ್ಲಿ ಬಸ್ ನಿಲ್ದಾಣದ ಹಿಂದೆಯೋ ಟಾಕೀಸಿನ ಪಕ್ಕದಲ್ಲೋ ಒಂದು ಸಣ್ಣ ಮಳಿಗೆ, ನಾಲ್ಕು ಯಂತ್ರ, ಬಾಗಿಲಿಗೆ ಒಂದು ಪರದೆ. ಆರ್ಕೇಡ್ ಎಂಬ ಪದವನ್ನು ನಾವಾರೂ ಬಳಸುತ್ತಿರಲಿಲ್ಲ, ‘ಗೇಮ್ ಅಂಗಡಿ’ ಅಷ್ಟೇ. ಹೆಸರು ಬೇರೆಯಾದರೂ ಯಂತ್ರದೊಳಗಿನ ಸರ್ಕ್ಯೂಟ್ ಬೋರ್ಡ್‌ನಲ್ಲಿದ್ದ ಆಟ ಒಂದೇ: ಟೋಕಿಯೋದ ಹುಡುಗ ಆಡಿದ್ದನ್ನೇ ದಾವಣಗೆರೆಯ ಹುಡುಗನೂ ಆಡಿದ.

ಇದೆಲ್ಲ ಎಲ್ಲಿ ಶುರುವಾಯಿತು?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ನೋಲನ್ ಬುಶ್‌ನೆಲ್ ಮತ್ತು ಟೆಡ್ ಡ್ಯಾಬ್ನಿ ರೂಪಿಸಿದ ‘ಕಂಪ್ಯೂಟರ್ ಸ್ಪೇಸ್’ 1971ರಲ್ಲಿ ಬಂತು. ಹೆಚ್ಚು ಜನಕ್ಕೆ ಅದು ಅರ್ಥವಾಗಲಿಲ್ಲ. ಮರುವರ್ಷ ಇಬ್ಬರೂ ಸೇರಿ ಅಟಾರಿ ಕಂಪನಿ ಕಟ್ಟಿದರು. ಅವರಲ್ಲಿ ಕೆಲಸಕ್ಕಿದ್ದ ಅಲನ್ ಆಲ್ಕಾರ್ನ್ ‘ಪಾಂಗ್’ ತಯಾರಿಸಿದ. ಎರಡು ಗೆರೆ, ಒಂದು ಚುಕ್ಕೆ, ಅಷ್ಟೇ. ಅದನ್ನು ಸನ್ನಿವೇಲ್ ಊರಿನ ಆಂಡಿ ಕ್ಯಾಪ್ಸ್ ಎಂಬ ಮದ್ಯದಂಗಡಿಯಲ್ಲಿ ಪರೀಕ್ಷೆಗೆಂದು ಇಟ್ಟರು. ಸ್ವಲ್ಪ ದಿನದಲ್ಲೇ ಯಂತ್ರ ಕೆಟ್ಟಿದೆ ಎಂಬ ಕರೆ ಬಂತು. ಆಲ್ಕಾರ್ನ್ ಹೋಗಿ ತೆರೆದು ನೋಡಿದರೆ ಕೆಟ್ಟಿದ್ದೇನೂ ಇರಲಿಲ್ಲ, ನಾಣ್ಯ ಬೀಳುವ ಡಬ್ಬಿ ತುಂಬಿ ತುಳುಕಿತ್ತು. ಒಂದು ಉದ್ಯಮ ಹುಟ್ಟಿದ ಗಳಿಗೆಯನ್ನು ಇಷ್ಟು ಸ್ಪಷ್ಟವಾಗಿ ತೋರಿಸಬಲ್ಲ ಕಥೆ ನನಗೆ ಇನ್ನೊಂದು ಗೊತ್ತಿಲ್ಲ.

1978ರಲ್ಲಿ ಜಪಾನಿನ ಟೈಟೋ ಕಂಪನಿಯ ತೊಮೊಹಿರೊ ನಿಶಿಕಾಡೊ ‘ಸ್ಪೇಸ್ ಇನ್ವೇಡರ್ಸ್’ ತಂದರು. ಅದರಲ್ಲಿ ಶತ್ರುಗಳು ಕಡಿಮೆಯಾದಷ್ಟೂ ಉಳಿದವರ ವೇಗ ಹೆಚ್ಚುತ್ತದೆ. ಆಗಿನ ದುರ್ಬಲ ಪ್ರೊಸೆಸರ್‌ಗೆ ತೆರೆಯ ಮೇಲೆ ಬಿಡಿಸಬೇಕಾದ ಆಕೃತಿಗಳು ಕಡಿಮೆಯಾದ ಹಾಗೆ ಕೆಲಸ ಹಗುರಾಗುತ್ತಿತ್ತು, ಅದರಿಂದ ಬಂದ ವೇಗ ಅದು. ನಿಶಿಕಾಡೊ ಅದನ್ನು ತಿದ್ದದೆ ಹಾಗೆಯೇ ಉಳಿಸಿಕೊಂಡರು. 1980ರಲ್ಲಿ ತೊರು ಇವಾತಾನಿಯವರ ‘ಪ್ಯಾಕ್-ಮ್ಯಾನ್’, 1981ರಲ್ಲಿ ಶಿಗೆರು ಮಿಯಾಮೊಟೊ ಅವರ ‘ಡಾಂಕಿ ಕಾಂಗ್’ ಬಂದವು. ಆ 1981ರ ಒಂದೇ ವರ್ಷದಲ್ಲಿ ಅಮೆರಿಕದ ಯಂತ್ರಗಳಿಗೆ ಬಿದ್ದ 25 ಸೆಂಟ್ ನಾಣ್ಯಗಳು 2,000 ಕೋಟಿ, ಅಂದರೆ 500 ಕೋಟಿ ಡಾಲರ್ ಎಂದು ಟೈಮ್ ವಾರಪತ್ರಿಕೆ ಅಂದಾಜು ಮಾಡಿತ್ತು.

ಪ್ಯಾಕ್-ಮ್ಯಾನ್ ಆಟಕ್ಕೆ ಕೊನೆ ಇದೆಯೇ?

ಇದೆ, ಆದರೆ ಅದನ್ನು ಯಾರೂ ಬೇಕೆಂದು ಇಟ್ಟದ್ದಲ್ಲ. ಸ್ಟೇಜ್ ಎಣಿಸುವ ಅಂಕಿಗೆ ಎಂಟು ಬಿಟ್‌ಗಳ ಜಾಗ ಮಾತ್ರ ಇತ್ತು. ಎಂಟು ಬಿಟ್‌ಗಳಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 255. 256ನೆಯ ಸ್ಟೇಜ್ ತಲುಪಿದವರಿಗೆ ತೆರೆಯ ಬಲ ಅರ್ಧದಲ್ಲಿ ಚೆಲ್ಲಾಪಿಲ್ಲಿಯಾದ ಅಕ್ಷರ, ಅಂಕಿಗಳು ಕಾಣುತ್ತವೆ. ಈ ಆಟದಲ್ಲಿ ಚುಕ್ಕೆಗಳನ್ನೆಲ್ಲ ತಿಂದರೆ ಮಾತ್ರ ಸ್ಟೇಜ್ ಮುಗಿಯುತ್ತದೆ; ಮುಂದೆ ಹೋಗಲು ಬೇಕಾದಷ್ಟು ಚುಕ್ಕೆಗಳೇ ಅಲ್ಲಿ ಇರುವುದಿಲ್ಲ.

ಒಂದು ರೂಪಾಯಿ ಹಾಕಿದರೆ ಎರಡು ಮೂರು ನಿಮಿಷದಲ್ಲಿ ಆಟ ಮುಗಿಯುತ್ತಿತ್ತು. ಅಂಗಡಿಯವರು ಏನಾದರೂ ಕೈಚಳಕ ಮಾಡುತ್ತಿದ್ದರೇ?

ನಿಮ್ಮ ಅನುಮಾನಕ್ಕೆ ಆಧಾರವಿದೆ. ಆ ಕಾಲದ ಹೆಚ್ಚಿನ ಬೋರ್ಡ್‌ಗಳ ಮೇಲೆ ಡಿಪ್ ಸ್ವಿಚ್ ಎಂಬುದೊಂದು ಇರುತ್ತದೆ. ಅಕ್ಕಿಕಾಳಿನ ಗಾತ್ರದ ಬಿಳಿ ಗುಬುಟುಗಳು, ಸಾಮಾನ್ಯವಾಗಿ ಎಂಟೆಂಟರ ಸಾಲು. ಪೆನ್ನಿನ ತುದಿಯಿಂದ ಮೇಲಕ್ಕೋ ಕೆಳಕ್ಕೋ ತಳ್ಳಬಹುದು. ಒಂದು ಕಾಯಿನ್‌ಗೆ ಎಷ್ಟು ಲೈಫ್, ಎಷ್ಟು ಅಂಕಕ್ಕೆ ಹೆಚ್ಚುವರಿ ಲೈಫ್, ಶತ್ರುಗಳು ಎಷ್ಟು ಕಠಿಣ ಎಂಬುದನ್ನೆಲ್ಲ ಮಾಲೀಕರು ಇದರಿಂದಲೇ ನಿಗದಿ ಮಾಡುತ್ತಿದ್ದರು. ನಾನು ಮೊದಲು ಕೊಂಡ ಬೋರ್ಡ್‌ನಲ್ಲಿ ಕಾಠಿಣ್ಯದ ಸ್ವಿಚ್‌ಗಳೆಲ್ಲ ಅತಿ ಕಷ್ಟದ ಕಡೆಗೆ ತಳ್ಳಿಕೊಂಡೇ ಇದ್ದವು, ಅವುಗಳ ಮೇಲೆ ಅಂಟಿದ್ದ ಮೇಣದಂಥ ಕೊಳೆ ನೋಡಿದರೆ ಬಹಳ ವರ್ಷಗಳಿಂದ ಹಾಗೆಯೇ ಇದ್ದಿರಬೇಕು.

ಇದನ್ನು ಮೋಸ ಎನ್ನಲು ನನಗೆ ಮನಸ್ಸಿಲ್ಲ. ಮಳಿಗೆಗೆ ಬಾಡಿಗೆ, ನಾಲ್ಕು ಟಿವಿ ಕೊಳವೆಗಳ ಕರೆಂಟು, ವಾರಕ್ಕೊಮ್ಮೆ ಮುರಿಯುವ ಜಾಯ್‌ಸ್ಟಿಕ್ ಎಲ್ಲವೂ ಒಂದೊಂದೇ ರೂಪಾಯಿಯಿಂದ ಹೊರಡಬೇಕಿತ್ತು. ಒಬ್ಬನೇ ಹುಡುಗ ಅರ್ಧ ಗಂಟೆ ಯಂತ್ರ ಹಿಡಿದು ನಿಂತರೆ ಅಂಗಡಿ ನಡೆಯುವುದಿಲ್ಲ. ಆಟ ರೂಪಿಸಿದವರೂ ಈ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡೇ ರೂಪಿಸಿದ್ದರು. ಬೇಗ ಸೋಲಬೇಕು, ಆದರೆ ಸೋತವನಿಗೆ ತನ್ನ ತಪ್ಪು ಎಲ್ಲಿ ಎಂಬುದು ಕಾಣಬೇಕು, ಇನ್ನೊಂದು ಸಲ ಆಡಿದರೆ ಆಗಬಹುದು ಎನ್ನಿಸಬೇಕು. ಈ ಹದ ಹಿಡಿಯುವುದು ಸುಲಭವಲ್ಲ. ಹಿಡಿದ ಆಟಗಳನ್ನು ನಲವತ್ತು ವರ್ಷಗಳ ಬಳಿಕವೂ ಜನ ಆಡುತ್ತಿದ್ದಾರೆ.

ನಾವು ‘ಮುಸ್ತಫಾ’ ಎನ್ನುತ್ತಿದ್ದ ಆಟದ ನಿಜವಾದ ಹೆಸರೇನು?

ನನಗೆ ಅತಿ ಹೆಚ್ಚು ಬಾರಿ ಬಂದ ಪ್ರಶ್ನೆ ಇದು. ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’, 1993, ಕ್ಯಾಪ್‌ಕಾಂ ಕಂಪನಿಯದು. ನಾಲ್ವರಲ್ಲಿ ಒಬ್ಬರನ್ನು ಆರಿಸಿಕೊಳ್ಳಬೇಕು: ಜಾಕ್ ಟೆನ್ರೆಕ್, ಹ್ಯಾನಾ ಡಂಡಿ, ಮುಸ್ತಫಾ ಕೈರೊ, ಮೆಸ್ ಒಬ್ರಾಡೊವಿಚ್. ಮುಸ್ತಫಾ ಎಲ್ಲರಿಗಿಂತ ವೇಗದವನು. ಅದಕ್ಕಿಂತ ಮುಖ್ಯವಾಗಿ, ಆ ನಾಲ್ಕು ಹೆಸರುಗಳಲ್ಲಿ ನಮ್ಮ ನಾಲಿಗೆಗೆ ಸಲೀಸಾಗಿ ಬಂದದ್ದು ಅದೊಂದೇ. ಪಕ್ಕದ ಬೀದಿಯಲ್ಲೂ ಇರಬಹುದಾದ ಹೆಸರು. ಹಾಗಾಗಿ ಭಾರತದ ಉದ್ದಗಲಕ್ಕೂ ಆಟಕ್ಕೆ ಅವನ ಹೆಸರೇ ನಿಂತಿತು.

ಈ ಆಟದ ಬಗ್ಗೆ ಒಂದು ಬೇಸರದ ಸಂಗತಿಯೂ ಇದೆ. ಆರ್ಕೇಡ್‌ನ ಈ ಆಟ ಅಧಿಕೃತವಾಗಿ ಯಾವ ಮನೆಯ ಯಂತ್ರಕ್ಕೂ ಬರಲಿಲ್ಲ. ಕಥೆ ಅಮೆರಿಕದ ಒಂದು ಕಾಮಿಕ್ ಸರಣಿಯದು, ಕ್ಯಾಡಿಲಾಕ್ ಎಂಬ ಕಾರಿನ ಹೆಸರು ಜನರಲ್ ಮೋಟರ್ಸ್‌ನದು, ಆಟ ಕ್ಯಾಪ್‌ಕಾಂನದು. ಮರುಬಿಡುಗಡೆಗೆ ಇವರೆಲ್ಲರ ಒಪ್ಪಿಗೆ ಬೇಕು. ಕ್ಯಾಪ್‌ಕಾಂ ತನ್ನ ಹಳೆಯ ಆಟಗಳನ್ನು ಸಂಕಲನಗಳಾಗಿ ಮಾರುತ್ತಿದೆ. ನಮ್ಮ ದೇಶ ತಲೆಯ ಮೇಲೆ ಹೊತ್ತು ಮೆರೆಸಿದ ಆಟ ಮಾತ್ರ ಅಂಗಡಿಯಿಂದ ಮನೆಗೆ ಬರಲೇ ಇಲ್ಲ.

ನಮ್ಮೂರಿನ ಸ್ಟ್ರೀಟ್ ಫೈಟರ್‌ನಲ್ಲಿ ಗಾಳಿಯಲ್ಲೇ ಬೆಂಕಿಯುಂಡೆ ಎಸೆಯಬಹುದಿತ್ತು, ಆಟದ ನಡುವೆಯೇ ಪಾತ್ರವನ್ನು ಬದಲಿಸಬಹುದಿತ್ತು. ಹೇಳಿದರೆ ಯಾರೂ ನಂಬುವುದಿಲ್ಲ.

ನಾನು ನಂಬುತ್ತೇನೆ, ನಮ್ಮಲ್ಲೂ ಅದೇ ಇತ್ತು. ‘ಸ್ಟ್ರೀಟ್ ಫೈಟರ್ 2’ ಎಂಬ ಹೊಡೆದಾಟದ ಆಟದ 1992ರ ‘ಚಾಂಪಿಯನ್ ಎಡಿಷನ್’ ಆವೃತ್ತಿಯನ್ನು ಅನಧಿಕೃತವಾಗಿ ತಿದ್ದಿ ಮಾರಿದ ಬೋರ್ಡ್‌ಗಳಿದ್ದವು. ಅವುಗಳಲ್ಲಿ ಹೆಸರಾದದ್ದು ‘ರೇನ್‌ಬೋ ಎಡಿಷನ್’. ಮೂಲ ಆಟಕ್ಕಿಂತ ವೇಗ ಎಷ್ಟೋ ಪಟ್ಟು ಹೆಚ್ಚು, ನಿಯಮಗಳೆಲ್ಲ ತಲೆಕೆಳಗು. ಈ ನಕಲಿನ ಜನಪ್ರಿಯತೆ ಕಂಡೇ ಕ್ಯಾಪ್‌ಕಾಂ 1992ರ ಕೊನೆಯಲ್ಲಿ ವೇಗ ಹೆಚ್ಚಿಸಿದ ‘ಹೈಪರ್ ಫೈಟಿಂಗ್’ ಆವೃತ್ತಿ ತಂದಿತು.

ಆರ್ಕೇಡ್‌ಗಳನ್ನು ಮುಗಿಸಿದ್ದು ಪ್ಲೇಸ್ಟೇಷನ್ ಅಲ್ಲವೇ?

ಅದು ಕೊನೆಯ ಏಟುಗಳಲ್ಲಿ ಒಂದು. ಒಂದೇ ಕಾರಣ ಹೇಳಿ ಮುಗಿಸಿದರೆ ಸರಿಯಾಗುವುದಿಲ್ಲ.

ಅಮೆರಿಕದಲ್ಲಿ ಮೊದಲ ಕುಸಿತ 1982ರ ಕೊನೆಯ ಹೊತ್ತಿಗೇ ಶುರುವಾಗಿತ್ತು. ಲಾಭ ನೋಡಿ ಕ್ಷೌರದಂಗಡಿ, ದಿನಸಿ ಅಂಗಡಿಯವರೂ ಯಂತ್ರ ತಂದು ನಿಲ್ಲಿಸಿದರು. ಜನ ಅಷ್ಟೇ, ಯಂತ್ರ ಎಷ್ಟೋ ಪಟ್ಟು. 1983ರಲ್ಲಿ ಮನೆಯ ವಿಡಿಯೋ ಗೇಮ್ ವ್ಯಾಪಾರವೂ ಕುಸಿಯಿತು. ಆದರೆ 1991ರಲ್ಲಿ ‘ಸ್ಟ್ರೀಟ್ ಫೈಟರ್ 2’, ಮರುವರ್ಷ ‘ಮಾರ್ಟಲ್ ಕಾಂಬ್ಯಾಟ್’ ಬಂದು ಆರ್ಕೇಡ್‌ಗಳಿಗೆ ಮತ್ತೆ ಜೀವ ಕೊಟ್ಟವು. ಎದುರಾಳಿ ಕಂಪ್ಯೂಟರ್ ಅಲ್ಲ, ಪಕ್ಕದಲ್ಲಿ ಭುಜ ತಾಗಿಸಿ ನಿಂತ ಮನುಷ್ಯ. ಗೆದ್ದವನು ಅಲ್ಲೇ ನಿಲ್ಲುತ್ತಾನೆ, ಸೋತವನು ಜಾಗ ಬಿಡುತ್ತಾನೆ. ಇದಕ್ಕೆ ಜನ ಮುಗಿಬಿದ್ದರು.

ಆಮೇಲೆ ಯಂತ್ರದ ಸಾಮರ್ಥ್ಯದ ಪ್ರಶ್ನೆ. ಅಲ್ಲಿಯವರೆಗೆ ಆರ್ಕೇಡ್ ಬೋರ್ಡ್‌ಗೆ ಇದ್ದ ಶಕ್ತಿ ಮನೆಯ ಯಂತ್ರಕ್ಕೆ ಇರಲಿಲ್ಲ. ಜನ ಮನೆ ಬಿಟ್ಟು ಬರುತ್ತಿದ್ದ ದೊಡ್ಡ ಕಾರಣವೇ ಅದು. 1994ರಲ್ಲಿ ನಾಮ್ಕೋ ಕಂಪನಿ ‘ಟೆಕನ್’ ಆಟವನ್ನು ಆರ್ಕೇಡ್‌ಗೆ ತಂದಾಗ ಅದರ ಬೋರ್ಡ್ ಪ್ಲೇಸ್ಟೇಷನ್‌ನ ಯಂತ್ರಾಂಶದ ಮೇಲೆಯೇ ನಿಂತಿತ್ತು. ಮರುವರ್ಷ ಅದೇ ಆಟ ಮನೆಗೆ ಬಂದಾಗ ಅಂಗಡಿಗೂ ಮನೆಗೂ ಇದ್ದ ಅಂತರವೇ ಅಳಿಸಿಹೋಗಿತ್ತು. ಅಲ್ಲಿಂದ ಮುಂದೆ ಆರ್ಕೇಡ್ ತಯಾರಕರು ಮನೆಯಲ್ಲಿ ಹಿಡಿಸದ ಯಂತ್ರಗಳತ್ತ ತಿರುಗಿದರು: ಕೂತು ಓಡಿಸುವ ಕಾರು, ಬಂದೂಕು ಹಿಡಿದು ಆಡುವ ಆಟ, 1998ರಲ್ಲಿ ಬಂದ ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್’. ಅವೆಲ್ಲ ದುಬಾರಿ, ಜಾಗವೂ ಹೆಚ್ಚು ಬೇಕು. ನಾಲ್ಕು ಯಂತ್ರದ ಸಣ್ಣ ಅಂಗಡಿಗೆ ಅವು ಎಟುಕಲಿಲ್ಲ.

ಇವೆಲ್ಲದರ ಕೆಳಗೆ ಇನ್ನೊಂದು ಕಾರಣ ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು, ನನ್ನ ಮಟ್ಟಿಗೆ ಅದೇ ಮುಖ್ಯ. ನಾಣ್ಯ. ಅಮೆರಿಕದಲ್ಲಿ 1980ರ 25 ಸೆಂಟ್‌ಗೆ ಇದ್ದ ಬೆಲೆ ಇಂದಿನ ಹೆಚ್ಚು ಕಡಿಮೆ ಒಂದು ಡಾಲರ್‌ಗೆ ಸಮ. ಅಂದರೆ ಆಟದ ದರ ಅಲ್ಲೇ ನಿಂತರೆ ಮಾಲೀಕನಿಗೆ ಪ್ರತಿ ವರ್ಷ ಸಂಬಳ ಕಡಿತವಾದಂತೆ. ಹೋಟೆಲಿನವರು ದೋಸೆಯ ಬೆಲೆಯನ್ನು ಎರಡು ರೂಪಾಯಿ ಏರಿಸಿ ಬೋರ್ಡ್‌ನಲ್ಲಿ ಬರೆಯಬಹುದು. ಒಂದೇ ನಾಣ್ಯ ನುಂಗುವ ಯಂತ್ರಕ್ಕೆ ಆ ಅನುಕೂಲವಿಲ್ಲ. ಏರಿಸಿದರೆ ಒಮ್ಮೆಗೇ ಎರಡು ಪಟ್ಟು, ಇಲ್ಲವೆಂದರೆ ಇದ್ದಲ್ಲೇ. ಬಾಡಿಗೆ ಮಾತ್ರ ಪ್ರತಿ ಕರಾರಿಗೂ ಏರುತ್ತಿತ್ತು.

ನಮ್ಮಲ್ಲಿ ದಾರಿ ಸ್ವಲ್ಪ ಬೇರೆ. ನಮ್ಮ ಸಣ್ಣ ಊರುಗಳ ಅಂಗಡಿಗಳನ್ನು ಮೊದಲು ತಟ್ಟಿದ್ದು ಪ್ಲೇಸ್ಟೇಷನ್ ಅಲ್ಲ. ನಿಂಟೆಂಡೊ ಯಂತ್ರದ ಅಗ್ಗದ ನಕಲುಗಳು. ‘9999 ಆಟಗಳು’ ಎಂದು ಅಚ್ಚಾದ ಹಳದಿ ಕ್ಯಾಸೆಟ್ ಟಿವಿಗೆ ಸೇರಿತು. ಆಮೇಲೆ ಸೈಬರ್ ಸೆಂಟರ್‌ಗಳಲ್ಲಿ ‘ಕೌಂಟರ್-ಸ್ಟ್ರೈಕ್’ ಗಂಟೆಯ ಲೆಕ್ಕದಲ್ಲಿ ಸಿಕ್ಕಿತು. ಕೊನೆಗೆ ಮೊಬೈಲ್. 2016ರಲ್ಲಿ ಡೇಟಾ ಅಗ್ಗವಾದಾಗ ಮುಚ್ಚಲು ಉಳಿದ ಅಂಗಡಿಗಳೇ ಕಡಿಮೆ ಇದ್ದವು.

ಜಪಾನಿನಲ್ಲಿ ಇನ್ನೂ ಚೆನ್ನಾಗಿಯೇ ನಡೆಯುತ್ತಿವೆಯಂತಲ್ಲ?

ಬೇರೆಡೆಗಿಂತ ಚೆನ್ನಾಗಿವೆ, ಮೊದಲಿನಂತೆ ಇಲ್ಲ. ಪೊಲೀಸ್ ಇಲಾಖೆಯ ಲೆಕ್ಕದ ಪ್ರಕಾರ 1986ರಲ್ಲಿ ಅಲ್ಲಿ ಸುಮಾರು 26,000 ಗೇಮ್ ಸೆಂಟರ್‌ಗಳಿದ್ದವು. 2019ರ ಹೊತ್ತಿಗೆ ಉಳಿದದ್ದು ಸುಮಾರು 4,000.

ನಾಣ್ಯದ ಸಂಕಟವನ್ನು ಸ್ಪಷ್ಟವಾಗಿ ನೋಡಬೇಕಾದರೆ ಜಪಾನನ್ನೇ ನೋಡಬೇಕು. 1978ರಲ್ಲಿ ‘ಸ್ಪೇಸ್ ಇನ್ವೇಡರ್ಸ್’ ಆಡಲು 100 ಯೆನ್. ದಶಕಗಳ ಬಳಿಕವೂ ಅಲ್ಲಿ ಒಂದು ಆಟಕ್ಕೆ ಸಾಮಾನ್ಯವಾಗಿ ಅದೇ 100 ಯೆನ್. ನಡುವೆ ಬಳಕೆ ತೆರಿಗೆ ಬಂತು: 1989ರಲ್ಲಿ ಶೇ 3, 1997ರಲ್ಲಿ ಶೇ 5, 2014ರಲ್ಲಿ ಶೇ 8, 2019ರಲ್ಲಿ ಶೇ 10. ಬೇರೆ ವ್ಯಾಪಾರಿಗಳು ತೆರಿಗೆಯನ್ನು ಗ್ರಾಹಕನ ಬಿಲ್ಲಿಗೆ ಸೇರಿಸಿದರು. ಗೇಮ್ ಸೆಂಟರ್‌ನವರು 110 ಯೆನ್ ನಾಣ್ಯವನ್ನು ಎಲ್ಲಿಂದ ತರಬೇಕು? ಬೀಳುವ ಪ್ರತಿ 100 ಯೆನ್‌ನಲ್ಲಿ ಸುಮಾರು 9 ಯೆನ್ ಅವರ ಕೈಯಿಂದಲೇ ಹೋಗುತ್ತದೆ.

ಅದರ ಮೇಲೆ ಕೊರೊನಾ ಬಂತು. 2020ರ ಆಗಸ್ಟ್‌ನಲ್ಲಿ ಟೋಕಿಯೋದ ಅಕಿಹಬಾರದಲ್ಲಿ ಸೆಗಾ ಕಂಪನಿಯ ಹೆಸರಾಂತ ಗೇಮ್ ಸೆಂಟರ್ ಕಟ್ಟಡಗಳಲ್ಲಿ ಒಂದು ಮುಚ್ಚಿತು. ಅದೇ ವರ್ಷದ ಕೊನೆಯಲ್ಲಿ ಸೆಗಾ ತನ್ನ ಆರ್ಕೇಡ್ ವ್ಯಾಪಾರದ ಶೇ 85ರಷ್ಟು ಪಾಲನ್ನು ಗೆಂಡಾ ಎಂಬ ಕಂಪನಿಗೆ ಮಾರಿತು. 2022ರಲ್ಲಿ ಉಳಿದದ್ದನ್ನೂ ಮಾರಿದ ಮೇಲೆ ಕೆಂಪು ಫಲಕಗಳಲ್ಲಿ ಸೆಗಾ ಹೋಗಿ ಗೀಗೋ ಎಂಬ ಹೆಸರು ಬಂತು. ಈಗ ಅಲ್ಲಿನ ಗೇಮ್ ಸೆಂಟರ್‌ಗಳ ಕೆಳ ಅಂತಸ್ತುಗಳಲ್ಲಿ ಹೆಚ್ಚಾಗಿ ಕಾಣುವುದು ಬೊಂಬೆ ಎತ್ತುವ ಯಂತ್ರಗಳು. ಜಾಯ್‌ಸ್ಟಿಕ್ ಹಿಡಿದು ಆಡುವ ಹಳೆಯ ಆಟಗಳಿಗೆ ಮೆಟ್ಟಿಲು ಹತ್ತಬೇಕು, ಎಷ್ಟೋ ಕಡೆ ಅವು ಇಲ್ಲವೇ ಇಲ್ಲ.

ಕರ್ನಾಟಕದಲ್ಲಿ ಪೊಲೀಸರೇ ಇವನ್ನು ಮುಚ್ಚಿಸಿದರು ಎನ್ನುತ್ತಾರೆ. ನಿಜವೇ?

ಪೊಲೀಸರ ಪಾತ್ರ ಇತ್ತು. ಬೆಂಗಳೂರಿನಲ್ಲಿ ವಿಡಿಯೋ ಗೇಮ್ ಪಾರ್ಲರ್‌ಗಳಿಗೆ ಲೈಸೆನ್ಸ್ ಬೇಕು ಎಂಬ ನಿಯಮವನ್ನು ಪ್ರಶ್ನಿಸಿ ಮಾಲೀಕರು ಸುಪ್ರೀಂ ಕೋರ್ಟ್‌ವರೆಗೂ ಹೋದರು. ‘ಎಂ.ಜೆ. ಶಿವಾನಿ ವಿರುದ್ಧ ಕರ್ನಾಟಕ ರಾಜ್ಯ’ ಎಂಬ ಆ ಪ್ರಕರಣದಲ್ಲಿ 1995ರಲ್ಲಿ ತೀರ್ಪು ಬಂತು. ಇಂಥ ಪಾರ್ಲರ್‌ಗಳನ್ನು ಲೈಸೆನ್ಸ್ ಮೂಲಕ ನಿಯಂತ್ರಿಸುವ ಅಧಿಕಾರ ಸರ್ಕಾರಕ್ಕೆ ಇದೆ ಎಂದು ನ್ಯಾಯಾಲಯ ಒಪ್ಪಿತು. ವಿಡಿಯೋ ಗೇಮ್ ಹೆಸರಿನಲ್ಲಿ ಜೂಜಿನ ಯಂತ್ರಗಳೂ ನಡೆಯುತ್ತಿದ್ದದ್ದು ಇದರ ಹಿಂದಿನ ಆತಂಕ. ಆ ಆತಂಕ ಸುಳ್ಳಲ್ಲ. ಒಂದೇ ಪರದೆಯ ಹಿಂದೆ ಮಕ್ಕಳು ಆಡುವ ಯಂತ್ರವೂ ಇಸ್ಪೀಟಿನ ಯಂತ್ರವೂ ಪಕ್ಕಪಕ್ಕ ಇದ್ದ ಅಂಗಡಿಗಳನ್ನು ನಾನೂ ಕಂಡಿದ್ದೇನೆ. ಆದರೆ ಅದರ ಬಿಸಿ ತಟ್ಟಿದ್ದು ಎರಡಕ್ಕೂ.

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಫಿಲಿಪೀನ್ಸ್‌ನಲ್ಲಿ ಅಧ್ಯಕ್ಷ ಮಾರ್ಕೋಸ್ 1981ರಲ್ಲಿ ವಿಡಿಯೋ ಗೇಮ್ ಯಂತ್ರಗಳನ್ನೇ ನಿಷೇಧಿಸಿದ್ದರು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮಾರ್ಷ್‌ಫೀಲ್ಡ್ ಊರು 1982ರಲ್ಲಿ ಹೇರಿದ ನಿಷೇಧವನ್ನು ತೆಗೆದದ್ದು 2014ರಲ್ಲಿ.

ಹುಡುಗಿಯರು ಬರುತ್ತಿದ್ದರೇ?

ನಮ್ಮ ಅಂಗಡಿಗೆ ಬರುತ್ತಿರಲಿಲ್ಲ. ಈ ವಿಷಯವನ್ನು ಮರೆಮಾಚಿ ಹಳೆಯ ದಿನಗಳನ್ನು ಹೊಗಳುವುದು ನನಗೆ ಸರಿಯೆನಿಸುವುದಿಲ್ಲ. ಒಮ್ಮೆ ಅಮ್ಮ ನನ್ನನ್ನು ಕರೆತರಲು ಅಕ್ಕನನ್ನು ಕಳಿಸಿದ್ದರು. ಅವಳು ಪರದೆಯ ಹೊರಗೆ ನಿಂತು ನನ್ನ ಹೆಸರು ಕೂಗಿದಳು, ಒಳಗೆ ಕಾಲಿಡಲಿಲ್ಲ. ನಾನು ಪರದೆ ಸರಿಸಿ ಬಂದಾಗ ಅವಳ ಕಣ್ಣು ನನ್ನ ಹೆಗಲ ಮೇಲಿಂದ ಒಳಗಿನ ಬಣ್ಣದ ಬೆಳಕಿನ ಮೇಲೆ ಇತ್ತು. ಅವಳಿಗೂ ಆಡಬೇಕೆನಿಸಿತ್ತು ಎಂದು ನನಗೆ ಗೊತ್ತಾದದ್ದು ಇಪ್ಪತ್ತೈದು ವರ್ಷಗಳ ನಂತರ, ನನ್ನ ಮನೆಯಲ್ಲಿ ಯಂತ್ರ ತಂದು ಇಟ್ಟಾಗ. ಅಂದು ಊಟಕ್ಕೆ ಕರೆದರೂ ಏಳದೆ ಆಡಿದವಳು ಅವಳು.

ಪ್ಯಾಕ್-ಮ್ಯಾನ್ ರೂಪಿಸಿದ ಇವಾತಾನಿ ಹೆಣ್ಣುಮಕ್ಕಳೂ ಗೇಮ್ ಸೆಂಟರ್‌ಗೆ ಬರುವಂಥ ಆಟ ಬೇಕೆಂದುಕೊಂಡೇ ತಿನ್ನುವುದನ್ನು ವಸ್ತುವಾಗಿ ಆರಿಸಿಕೊಂಡರು. ಜಪಾನ್, ಅಮೆರಿಕಗಳಲ್ಲಿ ಅದು ಒಂದಷ್ಟು ಫಲಿಸಿತು. ನಮ್ಮ ಬೀದಿಗಳಿಗೆ ಆಟ ಬಂತು, ಆ ಯೋಚನೆ ಬರಲಿಲ್ಲ.

ಅದೇ ಆಟಗಳು ಈಗ ಮೊಬೈಲಿನಲ್ಲೇ ಸಿಗುತ್ತವೆ. ಮತ್ತೇಕೆ ಇಷ್ಟು ಹಂಬಲ?

ಮೊಬೈಲಿನಲ್ಲಿ ಸಿಗುವುದು ಆಟ. ನಾವು ಕಳೆದುಕೊಂಡದ್ದು ಆ ಜಾಗ. ಬಿಡಿಸಿ ಹೇಳುತ್ತೇನೆ.

ದಾವಣಗೆರೆಯ ಹಳೆಯ ಬಸ್ ನಿಲ್ದಾಣದ ಹಿಂದಿನ ಒಂದು ಅಂಗಡಿ. ಟ್ಯೂಬ್‌ಲೈಟ್ ಇದ್ದರೂ ಹಾಕುತ್ತಿರಲಿಲ್ಲ, ತೆರೆಯ ಬೆಳಕೇ ಬೆಳಕು. ಬಿಸಿಯಾದ ಟ್ರಾನ್ಸ್‌ಫಾರ್ಮರ್ ಮೇಲಿನ ಧೂಳಿನ ವಾಸನೆ, ಬೆವರಿನ ವಾಸನೆ. ನಾಲ್ಕು ಯಂತ್ರಗಳ ಸದ್ದು ಒಂದರ ಮೇಲೊಂದು ಬಿದ್ದು ಯಾವುದೂ ಬಿಡಿಯಾಗಿ ಕೇಳುತ್ತಿರಲಿಲ್ಲ, ಆದರೂ ನಮ್ಮ ಯಂತ್ರದ ಸದ್ದು ನಮಗೆ ಗೊತ್ತಾಗುತ್ತಿತ್ತು. ಆಡುವವನ ಮುಂದಿನ ಗಾಜಿನ ಅಂಚಿನ ಮೇಲೆ ನಾಣ್ಯ ಇಟ್ಟರೆ ‘ಮುಂದಿನ ಸರದಿ ನನ್ನದು’ ಎಂದರ್ಥ. ಮೂರು ನಾಣ್ಯ ಸಾಲಾಗಿ ಕೂತಿದ್ದರೆ ನಿಮ್ಮದು ನಾಲ್ಕನೆಯದು. ಬರೆದಿಟ್ಟ ನಿಯಮವಲ್ಲ, ಆದರೂ ಯಾರೂ ಮೀರುತ್ತಿರಲಿಲ್ಲ. ಅಮೆರಿಕದ ಆರ್ಕೇಡ್‌ಗಳಲ್ಲೂ ಇದೇ ಪದ್ಧತಿ ಇತ್ತು ಎಂದು ಬಹಳ ವರ್ಷಗಳ ಬಳಿಕ ತಿಳಿದಾಗ ನನಗೆ ಮೈ ಜುಮ್ಮೆಂದಿತ್ತು.

ಅಲ್ಲಿ ಸ್ಟ್ರೀಟ್ ಫೈಟರ್‌ನಲ್ಲಿ ಎಲ್ಲರಿಗಿಂತ ದೊಡ್ಡ ಆಟಗಾರ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದ ಹುಡುಗ. ಹದಿನಾಲ್ಕೋ ಹದಿನೈದೋ ವರ್ಷ. ಭಟ್ಟಿಯ ಹೊಗೆ ಹಿಡಿದ ಅಂಗಿ, ಬಿಸಿ ಮರಳು ಸಿಡಿದು ಮುಂಗೈ ಮೇಲೆ ಸಣ್ಣ ಸಣ್ಣ ಕಲೆಗಳು. ಮಧ್ಯಾಹ್ನ ಒಂದು ಹೊತ್ತು ಬರುತ್ತಿದ್ದ, ಒಂದೇ ರೂಪಾಯಿ ತರುತ್ತಿದ್ದ. ಆ ಒಂದು ರೂಪಾಯಿಗೆ ಡಾಕ್ಟರ ಮಗ, ಬಟ್ಟೆ ಅಂಗಡಿಯವರ ಮಗ, ಕಾನ್ವೆಂಟ್ ಸಮವಸ್ತ್ರದ ನಾವೆಲ್ಲ ಸಾಲಾಗಿ ಸೋತು ಜಾಗ ಬಿಡುತ್ತಿದ್ದೆವು. ಅವನು ಜಾಯ್‌ಸ್ಟಿಕ್ಕನ್ನು ಮುಷ್ಟಿಯಲ್ಲಿ ಹಿಡಿಯುತ್ತಿರಲಿಲ್ಲ. ಕಡ್ಡಿಯನ್ನು ಉಂಗುರ ಬೆರಳು, ಕಿರುಬೆರಳುಗಳ ನಡುವೆ ಸಿಕ್ಕಿಸಿ ಅಂಗೈ ಮೇಲ್ಮುಖ ಮಾಡಿ ತಿರುಗಿಸುತ್ತಿದ್ದ. ನಾವು ಅವನ ಹಿಂದೆ ನಿಂತು ಕೈ ನೋಡಿ ಕಲಿತೆವು. ಅಂಕಪಟ್ಟಿಯಲ್ಲಿ ಹೆಸರಿನ ಮೂರು ಅಕ್ಷರ ಹಾಕುವ ತೆರೆ ಬಂದಾಗ ಅವನು ಸುಮ್ಮನೆ ಮೂರು ಸಲ ಗುಂಡಿ ಒತ್ತುತ್ತಿದ್ದ. ‘ಎ ಎ ಎ’ ಎಂದು ಬೀಳುತ್ತಿತ್ತು. ಪಟ್ಟಿಯ ಮೇಲ್ಭಾಗದಲ್ಲೆಲ್ಲ ಎ ಎ ಎ. ರಾತ್ರಿ ಅಂಗಡಿಯವರು ಸ್ವಿಚ್ ಆರಿಸಿದರೆ ಅದೆಲ್ಲ ಅಳಿಸಿಹೋಗುತ್ತಿತ್ತು, ಮರುದಿನ ಅವನು ಮತ್ತೆ ಬಂದು ಬರೆಯುತ್ತಿದ್ದ.

ನನ್ನ ಶಾಲೆಯಲ್ಲಿ, ಮನೆಯಲ್ಲಿ, ಬೀದಿಯಲ್ಲಿ ಆ ಹುಡುಗನನ್ನು ನಾನು ಗುರು ಎಂದು ನೋಡುವ ಸಂದರ್ಭವೇ ಬರುತ್ತಿರಲಿಲ್ಲ. ಆ ಕತ್ತಲೆ ಮಳಿಗೆಯಲ್ಲಿ ಬಂತು. ಇಂದು ಇಂಟರ್ನೆಟ್‌ನಲ್ಲಿ ಬ್ರೆಜಿಲ್‌ನವರ ಜೊತೆಗೂ ಆಡಬಹುದು, ಒಳ್ಳೆಯದೇ. ಆದರೆ ಅವರ ಕೈ ನನಗೆ ಕಾಣುವುದಿಲ್ಲ.

ಮಾಲ್‌ನಲ್ಲಿ ಗೇಮ್ ಜೋನ್ ಇದೆಯಲ್ಲ, ಅದು ಅದೇ ಅಲ್ಲವೇ?

ಮಕ್ಕಳು ಅಲ್ಲಿ ಸಂತೋಷ ಪಡುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಅಲ್ಲಿನ ವ್ಯವಸ್ಥೆ ಬೇರೆ. ಮೊದಲೇ ದೊಡ್ಡ ಮೊತ್ತ ತುಂಬಿಸಿದ ಕಾರ್ಡ್ ಉಜ್ಜಬೇಕು, ಆದ್ದರಿಂದ ಒಂದು ರೂಪಾಯಿ ಹಿಡಿದು ಬರುವ ಹುಡುಗ ಬಾಗಿಲಲ್ಲೇ ಉಳಿದ. ಹೆಚ್ಚಿನ ಯಂತ್ರಗಳು ಟಿಕೆಟ್ ಕೊಡುವಂಥವು, ಟಿಕೆಟ್ ಕೂಡಿಸಿ ಬೊಂಬೆ ಕೊಳ್ಳಬಹುದು. ಅಲ್ಲಿ ಆಟ ಕಲಿತು ಪಳಗುವ ಮಾತು ಕಡಿಮೆ. ಅಪರಿಚಿತನ ಸರದಿ ಮುಗಿಯಲಿ ಎಂದು ಕಾಯುತ್ತಾ, ನೋಡುತ್ತಾ ನಿಲ್ಲುವವರು ಇನ್ನೂ ಕಡಿಮೆ.

ಎಮ್ಯುಲೇಟರ್‌ನಲ್ಲಿ ಆಡುವುದು ತಪ್ಪೇ?

ಹಳೆಯ ಬೋರ್ಡ್‌ಗಳ ನಡವಳಿಕೆಯನ್ನು ಕಂಪ್ಯೂಟರಿನಲ್ಲಿ ಮರುಸೃಷ್ಟಿಸುವ ‘ಮೇಮ್’ ತಂತ್ರಾಂಶವನ್ನು ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಶುರು ಮಾಡಿದರು. ತಂತ್ರಾಂಶ ಕಾನೂನುಬದ್ಧ. ಆಟದ ಒಳಗಿನ ಪ್ರೋಗ್ರಾಂಗೆ ಮಾತ್ರ ಕಂಪನಿಗಳ ಹಕ್ಕುಸ್ವಾಮ್ಯ ಇನ್ನೂ ಇದೆ. ಅಧಿಕೃತ ಸಂಕಲನದಲ್ಲಿ ಸಿಗುವುದನ್ನು ಕೊಂಡು ಆಡಿ ಎಂಬುದೇ ನನ್ನ ಸಲಹೆ. ಜೊತೆಗೆ ಇದನ್ನೂ ಹೇಳಬೇಕು: ಮೇಮ್‌ಗಾಗಿ ದುಡಿದ ಸ್ವಯಂಸೇವಕರು ಚಿಪ್‌ಗಳನ್ನು ಒಂದೊಂದಾಗಿ ಓದಿ ದಾಖಲಿಸದೇ ಹೋಗಿದ್ದರೆ ನೂರಾರು ಆಟಗಳು ಇಷ್ಟು ಹೊತ್ತಿಗೆ ಗುಜರಿಯಲ್ಲಿ ಕರಗಿಹೋಗಿರುತ್ತಿದ್ದವು. ಅವರಿಗೆ ನಾನು ಋಣಿ.

ಹಳೆಯ ಯಂತ್ರಗಳನ್ನು ಈಗ ಎಲ್ಲಿ ಆಡಬಹುದು?

ಅಮೆರಿಕದಲ್ಲಿರುವ ಕನ್ನಡಿಗರು ನ್ಯೂ ಹ್ಯಾಂಪ್‌ಷೈರ್‌ನ ಲಕೋನಿಯಾದಲ್ಲಿರುವ ಫನ್‌ಸ್ಪಾಟ್‌ಗೆ ಒಮ್ಮೆ ಹೋಗಬೇಕು. ಅಲ್ಲಿ ಹಳೆಯ ಆರ್ಕೇಡ್‌ಗಳದೇ ವಸ್ತುಸಂಗ್ರಹಾಲಯವಿದೆ, ಯಂತ್ರಗಳನ್ನು ಆಡಲೂ ಬಿಡುತ್ತಾರೆ. ಶಿಕಾಗೋ ಹತ್ತಿರದ ಬ್ರೂಕ್‌ಫೀಲ್ಡ್‌ನಲ್ಲಿ 2010ರಲ್ಲಿ ಶುರುವಾದ ಗ್ಯಾಲಪಿಂಗ್ ಘೋಸ್ಟ್‌ನಲ್ಲಿ ಒಳಗೆ ಹೋಗಲು ಒಂದು ದರ, ಆಮೇಲೆ ದಿನವಿಡೀ ಆಡಬಹುದು. ನಾಣ್ಯದ ಸಮಸ್ಯೆಗೆ ನಾನು ಕಂಡ ಒಳ್ಳೆಯ ಪರಿಹಾರ ಅದು. ಟೋಕಿಯೋದಲ್ಲಿರುವವರು ತಕದನೊಬಾಬದ ಮಿಕಾಡೊ ಗೇಮ್ ಸೆಂಟರ್‌ಗೆ ಹೋಗಿ. ಕರ್ನಾಟಕದಲ್ಲಿ ಇಂಥದ್ದೊಂದು ಜಾಗ ಆಗಬೇಕೆಂಬುದು ನನ್ನ ಬಹುದಿನಗಳ ಆಸೆ.

ನಮ್ಮ ತಾತನ ಗೋದಾಮಿನಲ್ಲಿ ಒಂದು ಯಂತ್ರ ಸಿಕ್ಕಿದೆ. ಏನು ಮಾಡಲಿ?

ಮೊದಲನೆಯದಾಗಿ, ಪ್ಲಗ್ ಹಾಕಬೇಡಿ. ಹಳೆಯ ಪವರ್ ಸಪ್ಲೈ 5 ವೋಲ್ಟ್ ಕೊಡಬೇಕಾದಲ್ಲಿ ಹೆಚ್ಚು ಕೊಟ್ಟರೆ ಚಿಪ್‌ಗಳು ಸುಟ್ಟುಹೋಗುತ್ತವೆ. ಬೋರ್ಡ್ ಕಳಚಿ, ಸಪ್ಲೈ ಒಂದನ್ನೇ ಮೀಟರ್ ಹಿಡಿದು ಅಳೆಯಬೇಕು. ಚಿತ್ರಕೊಳವೆಯ ಹಿಂಭಾಗವನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಅಲ್ಲಿ ಸುಮಾರು 20,000 ವೋಲ್ಟ್ ಇರುತ್ತದೆ, ಪ್ಲಗ್ ತೆಗೆದ ಮೇಲೂ ಉಳಿದಿರಬಹುದು. ಹಳೆಯ ಟಿವಿ ರಿಪೇರಿ ಮಾಡುವವರು ನಿಮ್ಮೂರಿನಲ್ಲಿ ಇನ್ನೂ ಇದ್ದರೆ ಅವರನ್ನು ಕರೆಯಿರಿ. ಈ ಕೆಲಸ ಬಲ್ಲವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ.

ಬೋರ್ಡ್ ಮೇಲೆ ಸಣ್ಣ ಗಾಜಿನ ಕಿಟಕಿ ಇರುವ ಚಿಪ್‌ಗಳಿರುತ್ತವೆ, ಕಿಟಕಿಯ ಮೇಲೆ ಸ್ಟಿಕರ್ ಅಂಟಿಸಿರುತ್ತಾರೆ. ಕೊಳೆಯಾಗಿದೆ ಎಂದು ಅದನ್ನು ಕೀಳಬೇಡಿ. ಬಿಸಿಲಿನ ನೇರಳಾತೀತ ಕಿರಣ ಒಳಗೆ ಬಿದ್ದರೆ ಆಟ ನಿಧಾನವಾಗಿ ಅಳಿಸಿಹೋಗುತ್ತದೆ. ಬ್ಯಾಟರಿ ಇದೆಯೇ ನೋಡಿ. ಕೆಲವು ಬ್ಯಾಟರಿಗಳು ಸೋರಿ ತಾಮ್ರದ ಗೆರೆಗಳನ್ನು ತಿಂದುಬಿಡುತ್ತವೆ. ಕ್ಯಾಪ್‌ಕಾಂನ ಕೆಲವು ಬೋರ್ಡ್‌ಗಳಲ್ಲಿ ಆಟದ ಗುಪ್ತ ಕೀಲಿ ಇರುವುದೇ ಬ್ಯಾಟರಿಯ ಬಲದ ಮೇಲೆ. ಅದು ಸತ್ತರೆ ಆಟವೂ ಸಾಯುತ್ತದೆ. ಅಂಥದ್ದನ್ನು ತಿಳಿದವರಿಗೆ ತೋರಿಸದೆ ತೆಗೆಯಬಾರದು.

ಪ್ಲೈವುಡ್‌ಗೆ ಗೆದ್ದಲು ಹಿಡಿದಿದ್ದರೆ ಔಷಧಿ ಹೊಡೆಸಿ, ಒಣಗಿಸಿ. ಹೊಸ ಬಣ್ಣ ಬಳಿಯಲು ಅವಸರ ಬೇಡ, ವಿಶೇಷವಾಗಿ ಒಳಭಾಗಕ್ಕೆ. ನನ್ನ ಬಳಿ ಇರುವ ಯಂತ್ರವೊಂದು ಗುಜರಿಯವರಿಂದ ಕೊಂಡದ್ದು. ಅದರ ಕಾಯಿನ್ ಬಾಗಿಲಿನ ಒಳಬದಿಯಲ್ಲಿ ಯಾರೋ ಪೆನ್ಸಿಲ್‌ನಿಂದ ದಿನದ ಲೆಕ್ಕ ಬರೆದಿಟ್ಟಿದ್ದಾರೆ: ಸೋಮ 84, ಮಂಗಳ 61, ಸಂತೆ 212. ಆ ಬಾಗಿಲಿಗೆ ನಾನು ಉಜ್ಜುಕಾಗದ ತಾಗಿಸಿಲ್ಲ.